ಹೆಸರಿನ ಪಕ್ಕದ ನಂಬರ್ ನೋಡಿ ಯಾರನ್ನೂ ಅಳೀಬೇಡಿ

ಆನ್‌ಲೈನ್‌ನಲ್ಲಿ ಯಾವ ಗುಂಪಿಗೆ ಹೋಗಿ ನೋಡಿ, ಸದಸ್ಯರ ಹೆಸರಿನ ಪಕ್ಕ ಏನಾದ್ರೂ ಒಂದು ನಂಬರ್ ಇದ್ದೇ ಇರತ್ತೆ. ಇಷ್ಟು ಪೋಸ್ಟ್ ಹಾಕಿದಾರೆ, ಇಷ್ಟು ಲೈಕ್ ಬಂದಿದೆ, ಇಷ್ಟು ಪಾಯಿಂಟ್ ಇದೆ, ಇವರು ಸೀನಿಯರ್ ಮೆಂಬರ್, ಇವರು ಟಾಪ್ ಕಂಟ್ರಿಬ್ಯೂಟರ್. ಅವರು ಬರೆದಿದ್ದನ್ನ ಓದೋಕೆ ಮುಂಚೆನೇ ನಾವು ಆ ನಂಬರ್ ಓದಿ ಆಗಿರತ್ತೆ, ಅದನ್ನ ಓದಿದ ಮೇಲೆ ಬರಹನೂ ಬೇರೆ ಥರ ಕಾಣತ್ತೆ. ಹತ್ತು ಸಾವಿರ ಇರೋರು ಹೇಳಿದ್ರೆ ಹೌದಿರಬೇಕು ಅನ್ಸತ್ತೆ, ಹನ್ನೆರಡು ಇರೋರು ಹೇಳಿದ್ರೆ ಯಾರೋ ಹೊಸಬರು ಏನೋ ಹೇಳ್ತಿದಾರೆ ಅನ್ಸತ್ತೆ. ಈ ವಿಷಯ ನನ್ನನ್ನ ತುಂಬಾ ದಿನದಿಂದ ಕೊರೀತಾ ಇದೆ, ಯಾಕಂದ್ರೆ ಆನ್‌ಲೈನ್‌ನಲ್ಲಿ ನನಗೆ ನಿಜವಾಗ್ಲೂ ಉಪಕಾರ ಮಾಡಿದೋರನ್ನ ಒಬ್ಬೊಬ್ಬರಾಗಿ ನೆನೆಸಿಕೊಂಡ್ರೆ ಅದರಲ್ಲಿ ಹೆಚ್ಚಿನವರು ಯಾವ ಟಾಪ್ ಟೆನ್ ಪಟ್ಟಿಯಲ್ಲೂ ಹೆಸರು ಬಂದೋರಲ್ಲ.

ಒಂದು ಉದಾಹರಣೆ ಕೊಡ್ತೀನಿ, ಸ್ವಲ್ಪ ವಿವರವಾಗೇ. ನಾನಿರೋ ಒಂದು ಗುಂಪು ಹೊಲಿಗೆ ಮಷಿನ್ ಬಗ್ಗೆ, ಹಳೇ ಮಷಿನ್ ಇಟ್ಕೊಂಡಿರೋರು, ಹೊಸದಾಗಿ ಹೊಲಿಯೋಕೆ ಕಲೀತಿರೋರು ಎಲ್ಲ ಅಲ್ಲಿ ಪ್ರಶ್ನೆ ಕೇಳ್ತಾರೆ. ಒಂದಿನ ಒಬ್ಬ ಹೊಸ ಸದಸ್ಯೆ ಫೋಟೋ ಹಾಕಿದ್ರು. ಬಟ್ಟೆ ಮೇಲ್ಗಡೆ ಹೊಲಿಗೆ ನೋಡೋಕೆ ನೆಟ್ಟಗೇ ಇದೆ, ಕೆಳಗಡೆ ತಿರುಗಿಸಿದ್ರೆ ದಾರ ಎಲ್ಲ ಗೋಜಲು ಗೋಜಲಾಗಿ ಗಂಟು ಕಟ್ಟಿಕೊಂಡಿದೆ. ಹೊಲಿಯೋರಿಗೆಲ್ಲ ಗೊತ್ತಿರೋ ಕಾಟ ಇದು. ಉತ್ತರಗಳು ಸರಸರ ಬಂದವು. ಬಾಬಿನ್ (ಕೆಳಗಿನ ದಾರ ಸುತ್ತಿರೋ ಉರುಳೆ) ಟೈಟ್ ಮಾಡಿ, ಬಾಬಿನ್ ಕೇಸ್ ಬದಲಾಯಿಸಿ, ಸೂಜಿ ಬದಲಾಯಿಸಿ, ದಾರ ಕಳಪೆ ಇರಬೇಕು. ಗುಂಪಲ್ಲಿ ಸಿಕ್ಕಾಪಟ್ಟೆ ಪೋಸ್ಟ್ ಹಾಕೋ ಒಬ್ಬರು "ಈ ಮಷಿನ್‌ಗೆ ರಿಟೈರ್ಮೆಂಟ್ ಕೊಟ್ಟುಬಿಡಿ" ಅಂತ ತಮಾಷೆ ಮಾಡಿದ್ರು, ಎಲ್ಲಕ್ಕಿಂತ ಜಾಸ್ತಿ ಲೈಕ್ ಬಿದ್ದಿದ್ದು ಅದಕ್ಕೇ. ಇವೆಲ್ಲದರ ಕೆಳಗೆ, ಸಂಜೆ ಹೊತ್ತಿಗೆ, ಅಪರೂಪಕ್ಕೆ ಬರೆಯೋ ಒಬ್ಬರು ಒಂದೇ ಒಂದು ಸಾಲು ಬರೆದ್ರು: "ಮೇಡಂ, ದಾರ ಪೋಣಿಸೋವಾಗ ಪ್ರೆಸರ್ ಫೂಟ್ ಮೇಲೆ ಎತ್ತಿದ್ರಾ, ಇಳಿಸಿದ್ರಾ?"

ಇಳಿಸಿದ್ರಂತೆ. ಅಷ್ಟೇ ವಿಷಯ. ಪ್ರೆಸರ್ ಫೂಟ್ ಅಂದ್ರೆ ಹೊಲಿಯೋವಾಗ ಬಟ್ಟೆನ ಒತ್ತಿ ಹಿಡಿಯೋ ಪಾದ. ಅದು ಕೆಳಗಿದ್ದಾಗ, ದಾರನ ಬಿಗಿಯಾಗಿ ಹಿಡಿಯೋ ಮೇಲಿನ ಟೆನ್ಶನ್ ಡಿಸ್ಕ್‌ಗಳು ಒಂದಕ್ಕೊಂದು ಒತ್ತಿಕೊಂಡು ಮುಚ್ಚಿರತ್ತೆ, ದಾರ ಅದರ ನಡುವೆ ಹೋಗಿ ಕೂರಲ್ಲ, ಹೊರಗಡೆನೇ ಸಡಿಲವಾಗಿ ಓಡತ್ತೆ. ಮೇಲಿನ ದಾರಕ್ಕೆ ಹಿಡಿತನೇ ಇಲ್ಲದಿದ್ದಾಗ ಅದು ಕೆಳಗೆ ಎಳೆಸಿಕೊಂಡು ಹೋಗಿ ಅಲ್ಲಿ ಗುಡ್ಡೆ ಬೀಳತ್ತೆ. ಹಾಗಾಗಿ ಗಂಟು ಕಾಣೋದು ಕೆಳಗೆ, ತಪ್ಪಾಗಿರೋದು ಮೇಲೆ. ಕೆಳಗೆ ಗಂಟು ಕಂಡಿದ್ದಕ್ಕೆ ಎಲ್ಲರೂ ಬಾಬಿನ್ ಹಿಂದೆ ಬಿದ್ರು, ಅವರ ಮಾತು ಕೇಳಿ ಆ ಹೊಸಬರು ಬಾಬಿನ್ ಕೇಸಿನ ಸ್ಕ್ರೂ ತಿರುಗಿಸಿಬಿಟ್ಟಿದ್ರೆ ಇಲ್ಲದ ತೊಂದರೆ ಒಂದು ಸೇರಿಕೊಳ್ತಿತ್ತು. ಫೂಟ್ ಎತ್ತಿ ಮತ್ತೆ ದಾರ ಪೋಣಿಸಿದ್ರು, "ಸರಿ ಹೋಯ್ತು ಅಕ್ಕಾ, ತುಂಬಾ ಥ್ಯಾಂಕ್ಸ್" ಅಂತ ಬರೆದ್ರು. ಆ ಸಾಲಿಗೆ ಬಂದಿದ್ದು ಒಂದೇ ಲೈಕ್, ಕೇಳಿದವರದ್ದೇ.

ಈಗ ಲೆಕ್ಕ ಹಾಕಿ ನೋಡಿ, ಆ ದಿನ ಗುಂಪಿಗೆ ಬೆಲೆ ತಂದವರು ಯಾರು? ನಂಬರ್ ಪ್ರಕಾರ ತಮಾಷೆ ಮಾಡಿದವರು. (ತಮಾಷೆ ಬೇಡ ಅಂತ ಹೇಳ್ತಿಲ್ಲ, ನಗು ಇಲ್ಲದ ಗುಂಪಲ್ಲಿ ಯಾರು ಇರ್ತಾರೆ.) ಆದ್ರೆ ಆ ಅಕ್ಕ ಏನು ಮಾಡಿದ್ರು ಅಂದ್ರೆ, ಫೋಟೋನ ಸರಿಯಾಗಿ ನೋಡಿದ್ರು, ಮೇಲಿನ ಉತ್ತರ ಎಲ್ಲ ಓದಿದ್ರು, ತಮಗೆ ಗೊತ್ತಿರೋದನ್ನೆಲ್ಲ ಸುರೀದೇ ಯಾವ ಒಂದು ವಿಷಯ ಗೊತ್ತಾದ್ರೆ ಸಮಸ್ಯೆ ಬಗೆಹರಿಯತ್ತೋ ಅದನ್ನ ಮಾತ್ರ ಕೇಳಿದ್ರು. ಅವರ ಪ್ರೊಫೈಲ್‌ಗೆ ಹೋಗಿ ಹಳೇದೆಲ್ಲ ಓದಿದೆ. ಮುಕ್ಕಾಲು ಪಾಲು ಹೀಗೇ, ತಿರುಗಿ ಕೇಳಿದ ಸಣ್ಣ ಸಣ್ಣ ಪ್ರಶ್ನೆಗಳು. ಎಲೆಮರೆ ಕಾಯಿ ಅಂತಾರಲ್ಲ, ಅಂಥವರು.

ಅವರಿಗೆ ಯಾಕೆ ಲೈಕ್ ಬೀಳಲಿಲ್ಲ ಅಂತ ಯೋಚನೆ ಮಾಡಿದ್ರೆ ಇದರಲ್ಲಿ ಯಾರ ಕೆಟ್ಟತನವೂ ಇಲ್ಲ ಅಂತ ಗೊತ್ತಾಗತ್ತೆ, ಲೈಕ್ ಅನ್ನೋದು ಕೆಲಸ ಮಾಡೋ ರೀತಿನೇ ಹಾಗೆ. ಲೈಕ್ ಒತ್ತಬೇಕು ಅಂದ್ರೆ ಓದಿದ ಕ್ಷಣಕ್ಕೇ "ಇದು ಚೆನ್ನಾಗಿದೆ" ಅಂತ ಅನ್ನಿಸಬೇಕು. ತಮಾಷೆ ಚೆನ್ನಾಗಿದೆಯಾ ಇಲ್ವಾ ಅಂತ ಎಲ್ಲರಿಗೂ ಗೊತ್ತಾಗತ್ತೆ. ಟೆನ್ಶನ್ ಡಿಸ್ಕ್ ಬಗ್ಗೆ ಹೇಳಿದ್ದು ಸರಿಯಾ ಅಂತ ಗೊತ್ತಾಗೋದು ಮಷಿನ್ ಬಿಚ್ಚಿ ನೋಡಿರೋ ನಾಲ್ಕೈದು ಜನಕ್ಕೆ ಮತ್ತೆ ಪ್ರಶ್ನೆ ಕೇಳಿದವರಿಗೆ. ಅಂದ್ರೆ ಸಹಾಯ ಎಷ್ಟು ಖಚಿತವಾಗಿ ಒಬ್ಬರ ತೊಂದರೆಗೆ ಹೊಂದಿಕೊಳ್ಳತ್ತೋ ಅಷ್ಟು ಕಡಿಮೆ ಜನ ಅದಕ್ಕೆ ಲೈಕ್ ಕೊಡೋಕೆ ಸಾಧ್ಯ. ಪ್ರೋಗ್ರಾಮಿಂಗ್ ಮಾಡೋರ ಪ್ರಶ್ನೋತ್ತರ ತಾಣ ಸ್ಟಾಕ್ ಓವರ್‌ಫ್ಲೋ ನೋಡಿ, ಅಲ್ಲಿ ಅತಿ ಹೆಚ್ಚು ವೋಟ್ ಬಿದ್ದಿರೋ ಪ್ರಶ್ನೆಗಳಲ್ಲಿ ಒಂದು, ಗಿಟ್ ಅನ್ನೋ, ಕೋಡ್‌ನ ಬದಲಾವಣೆ ದಾಖಲಿಸಿಡೋ ಸಾಧನದಲ್ಲಿ ಈಗಷ್ಟೇ ಮಾಡಿದ ಕಮಿಟ್ (ಉಳಿಸಿದ ಬದಲಾವಣೆ) ರದ್ದು ಮಾಡೋದು ಹೇಗೆ ಅನ್ನೋದು. ಅದು ಎಲ್ಲರಿಗೂ ಬರೋ ತೊಂದರೆ, ಅದಕ್ಕೇ ಅಷ್ಟು ವೋಟ್. ಯಾವುದೋ ಹಳೇ ಪ್ರಿಂಟರ್ ಡ್ರೈವರ್‌ನ ವಿಚಿತ್ರ ಬಗ್ ಒಂದಕ್ಕೆ ರಾತ್ರಿಯೆಲ್ಲ ಕೂತು ಉತ್ತರ ಹುಡುಕಿ ಬರೆದೋರಿಗೆ ಎರಡೋ ಮೂರೋ ವೋಟ್ ಬಂದಿರತ್ತೆ, ಆ ಬಗ್ ಇರೋ ಮೂರು ಜನಕ್ಕೆ ಜಗತ್ತಲ್ಲಿ ಬೇರೆಲ್ಲೂ ಉತ್ತರ ಸಿಕ್ಕಿರಲ್ಲ.

ಅದೇ ಸ್ಟಾಕ್ ಓವರ್‌ಫ್ಲೋನಲ್ಲಿ ಇನ್ನೊಂದು ವಿಷಯ ಗಮನಿಸಿ. ಉತ್ತರಕ್ಕೆ ಒಂದು ಅಪ್‌ವೋಟ್ ಬಿದ್ರೆ 10 ಪಾಯಿಂಟ್. ಆ ಉತ್ತರದ ಕೆಳಗೆ ಇನ್ಯಾರೋ ಬಂದು "ಇದು ಹೊಸ ವರ್ಷನ್‌ನಲ್ಲಿ ಕೆಲಸ ಮಾಡಲ್ಲ, ಹೀಗೆ ಮಾಡಿದ್ರೆ ಡೇಟಾ ಹೋಗತ್ತೆ ಹುಷಾರು" ಅಂತ ಕಮೆಂಟ್ ಹಾಕಿದ್ರೆ, ಆ ಕಮೆಂಟ್‌ಗೆ ಎಷ್ಟೇ ಅಪ್‌ವೋಟ್ ಬರಲಿ, ಪಾಯಿಂಟ್ ಸೊನ್ನೆ. ಎಷ್ಟು ಜನರ ಡೇಟಾ ಉಳಿಸಿರಬಹುದು ಆ ಒಂದು ಕಮೆಂಟ್! ಆದ್ರೆ ಆಗದೇ ಇದ್ದ ಅನಾಹುತ ಯಾವ ಲೆಕ್ಕಕ್ಕೂ ಸಿಗಲ್ಲ.

ಇನ್ನು ಲೈಕ್ ಬಿದ್ದಿರೋ ಕಡೆಗೇ ಬಂದ್ರೂ, ಅದೆಲ್ಲ ಬರಹದ ಗುಣಕ್ಕೇ ಬಿದ್ದಿದ್ದು ಅಂತ ಹೇಳೋಕಾಗಲ್ಲ. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಮುಚ್ನಿಕ್, ಅರಾಲ್, ಟೇಲರ್ ಅನ್ನೋ ಮೂವರು ಒಂದು ಪ್ರಯೋಗದ ಬಗ್ಗೆ ಬರೆದ್ರು. ಒಂದು ಸುದ್ದಿ ಹಂಚಿಕೊಳ್ಳೋ ತಾಣದಲ್ಲಿ ಐದು ತಿಂಗಳು, ಒಂದು ಲಕ್ಷಕ್ಕೂ ಜಾಸ್ತಿ ಕಮೆಂಟ್‌ಗಳ ಮೇಲೆ ಮಾಡಿದ್ದು. ಕಮೆಂಟ್ ಹುಟ್ಟಿದ ತಕ್ಷಣ ಅದರಲ್ಲಿ ಏನಿದೆ ಅಂತ ನೋಡದೇನೇ, ಲಾಟರಿ ಎತ್ತಿದ ಹಾಗೆ ಕೆಲವಕ್ಕೆ ಒಂದು ಅಪ್‌ವೋಟ್ ಕೊಟ್ರು, ಕೆಲವಕ್ಕೆ ಡೌನ್‌ವೋಟ್, ಉಳಿದವನ್ನ ಹಾಗೇ ಬಿಟ್ರು. ಅಪ್‌ವೋಟ್ ಸಿಕ್ಕ ಕಮೆಂಟ್ ನೋಡಿದ ಮುಂದಿನ ಓದುಗರು ಅಪ್‌ವೋಟ್ ಕೊಡೋ ಸಾಧ್ಯತೆ 32% ಜಾಸ್ತಿ ಆಯ್ತು, ಕೊನೆಗೆ ಅವುಗಳ ಸರಾಸರಿ ರೇಟಿಂಗ್ 25% ಮೇಲೆ ಹೋಗಿ ನಿಲ್ತು. ಒಂದೇ ಒಂದು ವೋಟಿಂದ! ಯಾರೋ ಮೊದಲು ಬಂದು ಒತ್ತಿದ್ರು, ಆಮೇಲೆ ಬಂದೋರು ಅದನ್ನ ನೋಡಿ ಒತ್ತಿದ್ರು. ಈಗಾಗಲೇ ಹೆಸರಿರೋರಿಗೆ ಈ ಮೊದಲ ವೋಟ್ ಯಾವಾಗ್ಲೂ ಬೇಗ ಸಿಗತ್ತೆ, ಅವರ ಪೋಸ್ಟ್ ಬಂದ ಕೂಡಲೇ ನೋಡೋ ಜನ ಇರ್ತಾರೆ. ಹೊಸಬರಿಗೆ, ಸಂಜೆ ಹೊತ್ತಿಗೆ ತಡವಾಗಿ ಬರೆಯೋರಿಗೆ, ಎಲ್ಲರೂ ಮಲಗಿರೋ ಹೊತ್ತಲ್ಲಿ ಎದ್ದಿರೋ ದೇಶದಲ್ಲಿರೋರಿಗೆ ಅದು ಸಿಗಲ್ಲ.

ಲೈಕ್ ಕಥೆ ಇದಾದ್ರೆ ಪೋಸ್ಟ್ ಕೌಂಟ್ ಕಥೆ ಇನ್ನೊಂದು ಥರ. ಇಷ್ಟು ಪೋಸ್ಟ್ ಆದ್ರೆ ಸೀನಿಯರ್, ಇನ್ನಷ್ಟು ಆದ್ರೆ ಇನ್ನೊಂದು ಸ್ಟಾರ್ ಅಂತ ಇಟ್ಟ ಕಡೆಯೆಲ್ಲ "ಸೂಪರ್", "ನನಗೂ ಬೇಕು", "ಹೌದು ಹೌದು", "ಫಾಲೋಯಿಂಗ್" ಅನ್ನೋ ಪೋಸ್ಟ್‌ಗಳು ರಾಶಿ ಬೀಳ್ತವೆ. ಯಾವುದನ್ನ ಅಳೀತಾರೋ ಅದನ್ನೇ ಜನ ಉತ್ಪಾದನೆ ಮಾಡೋಕೆ ಶುರು ಮಾಡ್ತಾರೆ, ಬ್ರಿಟನ್‌ನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿ ಬಗ್ಗೆ ಹೇಳಿದ ಮಾತು ಹೆಚ್ಚುಕಡಿಮೆ ಇದೇ. ಆದ್ರೆ ನನ್ನನ್ನ ಹೆಚ್ಚು ಕಾಡೋದು ಈ ಚಿಲ್ಲರೆ ಪೋಸ್ಟ್‌ಗಳಲ್ಲ, ಒಳ್ಳೇ ಮನಸ್ಸಿಂದ ಶ್ರಮಪಟ್ಟು ಏರಿಸಿದ ದೊಡ್ಡ ನಂಬರ್ ಕೂಡ ನಮ್ಮ ಕಣ್ಣು ಕಟ್ಟಬಹುದು ಅನ್ನೋದು.

2020ರಲ್ಲಿ ಸ್ಕಾಟ್ಸ್ ಭಾಷೆಯ ವಿಕಿಪೀಡಿಯದಲ್ಲಿ ಆಗಿದ್ದು ಅದೇ. ಸ್ಕಾಟ್ಲೆಂಡ್‌ನ ಆ ಭಾಷೆಯ ವಿಕಿಪೀಡಿಯದಲ್ಲಿ 20,000ಕ್ಕೂ ಹೆಚ್ಚು ಲೇಖನ ಒಬ್ಬರೇ ಬರೆದಿದ್ರು, ಅಡ್ಮಿನ್ ಕೂಡ ಆಗಿದ್ರು. ಆ ಆಗಸ್ಟ್‌ನಲ್ಲಿ ರೆಡ್ಡಿಟ್ ಅನ್ನೋ ಚರ್ಚಾ ತಾಣದಲ್ಲಿ ಯಾರೋ ಒಬ್ಬರು ಕೂತು ಓದಿ ಇದು ಸ್ಕಾಟ್ಸೇ ಅಲ್ಲ, ಇಂಗ್ಲಿಷ್ ವಾಕ್ಯಕ್ಕೆ ಸ್ಕಾಟ್ಸ್ ಥರ ಕಾಣೋ ಸ್ಪೆಲಿಂಗ್ ಹಾಕಿರೋದು ಅಂತ ತೋರಿಸಿದ್ರು. ಬರೆದಿದ್ದು ಅಮೆರಿಕಾದ ಒಬ್ಬ ಹದಿಹರೆಯದ ಹುಡುಗ, ಶುರು ಮಾಡಿದಾಗ ಅವನಿಗೆ 12 ವರ್ಷ. ಆಮೇಲೆ ಆ ಹುಡುಗನ ಮೇಲೆ ಜನ ಮುಗಿಬಿದ್ದು ಬೈದ್ರು, ನನಗದು ಕಿಂಚಿತ್ತೂ ಸರಿ ಕಾಣಲಿಲ್ಲ. ಆ ಮಗು ಒಂದು ಸಣ್ಣ ಭಾಷೆಗೆ ಸಹಾಯ ಮಾಡ್ತಿದೀನಿ ಅಂತ ನಂಬಿಕೊಂಡು ವರ್ಷಗಟ್ಟಲೆ ದುಡೀತು. ಎಡಿಟ್ ಕೌಂಟ್ ಏರ್ತಾ ಹೋಯ್ತು, ಏರಿದ ಕೌಂಟ್ ಅವನಿಗೂ ಬೇರೆಯವರಿಗೂ ಎಲ್ಲ ಸರಿ ಇದೆ ಅನ್ನೋ ಧೈರ್ಯ ಕೊಡ್ತಾ ಹೋಯ್ತು. ಆ ಭಾಷೆ ಮನೆಮಾತಾಗಿರೋ ಯಾರಾದ್ರೂ ಒಬ್ಬರು, ಒಂದೇ ಒಂದು ಲೇಖನ ಬರೆಯದಿದ್ರೂ ಪರವಾಗಿಲ್ಲ, ಮೊದಲ ತಿಂಗಳಲ್ಲೇ ಪಕ್ಕಕ್ಕೆ ಕೂತು "ತಮ್ಮಾ, ಇದು ಹೀಗಲ್ಲಪ್ಪಾ, ನಾವು ಹೀಗಂತೀವಿ" ಅಂತ ತಿದ್ದೋಕೆ ಸಿಕ್ಕಿದ್ರೆ ಆ ವಿಕಿಪೀಡಿಯನೂ ಕೆಡ್ತಿರಲಿಲ್ಲ, ಆ ಹುಡುಗನೂ ಒಳ್ಳೇ ಸ್ಕಾಟ್ಸ್ ಕಲೀತಿದ್ದ. ಅಂಥ ಒಬ್ಬ ಓದುಗನ ಎಡಿಟ್ ಕೌಂಟ್ ಎಷ್ಟಿರ್ತಿತ್ತು? ಹತ್ತೋ ಇಪ್ಪತ್ತೋ.

ಕೆಟ್ಟ ಉದ್ದೇಶ ಇದ್ದೋರೂ ಇದೇ ದಾರಿ ಹಿಡೀತಾರೆ. ಎಕ್ಸ್‌ಝಡ್ ಅಂತ ಒಂದು ಓಪನ್ ಸೋರ್ಸ್ (ಯಾರು ಬೇಕಾದ್ರೂ ಕೋಡ್ ನೋಡಿ ಕೈಜೋಡಿಸಬಹುದಾದ) ಸಾಫ್ಟ್‌ವೇರ್, ಫೈಲ್ ಕುಗ್ಗಿಸೋದು ಅದರ ಕೆಲಸ, ಲಿನಕ್ಸ್ ಇರೋ ಕಡೆ ಹೆಚ್ಚುಕಡಿಮೆ ಎಲ್ಲೆಲ್ಲೂ ಇರತ್ತೆ. ಅದನ್ನ ಎಷ್ಟೋ ವರ್ಷದಿಂದ ಸಂಬಳ ಇಲ್ಲದೆ, ಹವ್ಯಾಸಕ್ಕೆ ಅಂತ ಹೆಚ್ಚುಕಡಿಮೆ ಒಬ್ಬರೇ ನೋಡ್ಕೊಂಡು ಬಂದಿದ್ರು. 2021ರ ಸುಮಾರಿಗೆ 'ಜಿಯಾ ಟ್ಯಾನ್' ಅನ್ನೋ ಹೆಸರಿನ ಅಕೌಂಟ್ ಒಂದು ಕಾಣಿಸಿಕೊಳ್ತು, ಸಣ್ಣ ಸಣ್ಣ ಒಳ್ಳೇ ಕೆಲಸ ಮಾಡ್ತಾ ಮಾಡ್ತಾ, ಕಾಂಟ್ರಿಬ್ಯೂಷನ್ ಪೇರಿಸ್ತಾ ಪೇರಿಸ್ತಾ ಕೊನೆಗೆ ಪ್ರಾಜೆಕ್ಟ್‌ನ ಮೇಂಟೇನರ್ ಹಕ್ಕನ್ನೇ, ಅಂದ್ರೆ ಅದನ್ನ ನೋಡ್ಕೊಳ್ಳೋ ಅಧಿಕಾರನೇ ಪಡ್ಕೊಳ್ತು. 2024ರಲ್ಲಿ 5.6.0 ಮತ್ತೆ 5.6.1 ವರ್ಷನ್‌ಗಳ ಒಳಗೆ ಕಳ್ಳಬಾಗಿಲು ಇಟ್ಟಿದ್ದು ಅದೇ ಅಕೌಂಟ್. ಹಿಡಿದಿದ್ದು ಯಾರು? ಆ ಪ್ರಾಜೆಕ್ಟ್‌ಗೆ ಸಂಬಂಧನೇ ಇಲ್ಲದ, ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೇಲೆ ಕೆಲಸ ಮಾಡೋ ಆಂಡ್ರೆಸ್ ಫ್ರಾಯಿಂಡ್ ಅನ್ನೋರು. ತಮ್ಮ ಕಂಪ್ಯೂಟರಲ್ಲಿ ಏನೋ ವೇಗದ ಟೆಸ್ಟ್ ಮಾಡ್ತಿದ್ದಾಗ ಎಸ್‌ಎಸ್‌ಎಚ್ (ದೂರದಿಂದ ಕಂಪ್ಯೂಟರ್ ಒಳಗೆ ಹೋಗೋ ದಾರಿ) ಲಾಗಿನ್ ಅರ್ಧ ಸೆಕೆಂಡ್ ತಡ ಆಗ್ತಿದೆ ಅಂತ ಗಮನಿಸಿದ್ರು, ಅರ್ಧ ಸೆಕೆಂಡ್ ತಾನೇ ಅಂತ ಬಿಡದೆ ಅದರ ಬೆನ್ನು ಹತ್ತಿ ಹೋದ್ರು, 2024ರ ಮಾರ್ಚ್ 29ಕ್ಕೆ ಜಗತ್ತಿಗೆ ಹೇಳಿದ್ರು. ಎಕ್ಸ್‌ಝಡ್‌ನ ಕಾಂಟ್ರಿಬ್ಯೂಷನ್ ಪಟ್ಟಿ ಮಾತ್ರ ಇಟ್ಕೊಂಡು ನೋಡಿದ್ರೆ ಜಿಯಾ ಟ್ಯಾನ್ ದೊಡ್ಡ ಮನುಷ್ಯ, ಫ್ರಾಯಿಂಡ್ ಯಾರೋ ಹೊರಗಿನವರು.

ಇಷ್ಟೆಲ್ಲ ಹೇಳಿದ ಮೇಲೆ ನಂಬರ್ ಪೂರ್ತಿ ಬೇಡ ಅಂತೀರಾ ಅಂತ ಕೇಳಬಹುದು. ಇಲ್ಲ, ಹಾಗನ್ನಲ್ಲ. ಬಾಗಿಲಲ್ಲಿ ನಿಂತು ನೋಡೋಕೆ ನಂಬರ್ ಬೇಕು. ನಿನ್ನೆ ಸೇರಿ ಇವತ್ತೇ ಇಪ್ಪತ್ತು ಲಿಂಕ್ ಹಾಕೋ ಸ್ಪ್ಯಾಮರ್‌ನ ತಡೆಯೋಕೆ, ಈ ಅಕೌಂಟ್ ಹಿಂದೆ ಒಬ್ಬ ಮನುಷ್ಯ ಇದಾನೆ, ಸ್ವಲ್ಪ ದಿನದಿಂದ ಓಡಾಡ್ಕೊಂಡಿದಾನೆ ಅಂತ ತಿಳಿಯೋಕೆ ಅದು ಸಾಕು. ಇಂಗ್ಲಿಷ್ ವಿಕಿಪೀಡಿಯದಲ್ಲಿ 4 ದಿನ ಕಳೆದು 10 ಎಡಿಟ್ ಆಗಿದ್ರೆ ಕೆಲವು ಸಾಮಾನ್ಯ ಹಕ್ಕು ತಾನಾಗೇ ಸಿಗತ್ತೆ, ಅಷ್ಟಕ್ಕೆ ಅದು ಸರಿಯಾಗಿದೆ. ಒಳಗೆ ಬಂದ ಮೇಲೂ ಅದೇ ನಂಬರ್‌ನ ಗೌರವದ ತಕ್ಕಡಿ ಮಾಡಿಕೊಂಡಾಗ ಕೆಡತ್ತೆ.

ಮತ್ತೆ, ಲೈಕ್ ಹಿಂದೆ ಇರೋ ಆಸೆ ಇದೆಯಲ್ಲ, ಯಾರಾದ್ರೂ ನನ್ನ ಕೆಲಸ ನೋಡಿದ್ರಾ ಅನ್ನೋದು, ಅದು ತುಂಬಾ ಮನುಷ್ಯಸಹಜ, ಅದನ್ನ ಹಗುರ ಮಾಡೋಕೆ ನನಗೆ ಮನಸ್ಸಿಲ್ಲ. ವಿಕಿಪೀಡಿಯದಲ್ಲಿ ಬಾರ್ನ್‌ಸ್ಟಾರ್ ಅಂತ ಒಂದಿದೆ, ಒಬ್ಬ ಸಂಪಾದಕ ಇನ್ನೊಬ್ಬರ ಕೆಲಸ ಮೆಚ್ಚಿ ಅವರ ಪುಟದಲ್ಲಿ ಇಡೋ ನಕ್ಷತ್ರದ ಚಿತ್ರ, ಜೊತೆಗೆ ಯಾಕೆ ಅಂತ ಒಂದೆರಡು ಸಾಲು. ರೆಸ್ಟಿವೊ ಮತ್ತೆ ವಾನ್ ಡೆ ರೈಟ್ ಅನ್ನೋ ಇಬ್ಬರು ಸಂಶೋಧಕರು ಇದನ್ನ ಪರೀಕ್ಷೆ ಮಾಡಿ 2012ರಲ್ಲಿ ಬರೆದಿದಾರೆ. ಅತಿ ಹೆಚ್ಚು ಕೆಲಸ ಮಾಡೋ 1% ಸಂಪಾದಕರಲ್ಲಿ ಕೆಲವರನ್ನ ಚೀಟಿ ಎತ್ತಿದ ಹಾಗೆ ಆರಿಸಿ ಅವರಿಗೆ ಬಾರ್ನ್‌ಸ್ಟಾರ್ ಕೊಟ್ರು. ಸಿಗದೇ ಇದ್ದೋರಿಗೆ ಹೋಲಿಸಿದ್ರೆ ಸಿಕ್ಕವರ ಕೆಲಸ 60% ಹೆಚ್ಚಾಯ್ತಂತೆ. ದುಡ್ಡಿಲ್ಲ, ಅಧಿಕಾರ ಇಲ್ಲ, ಒಂದು ಚಿತ್ರ, ಎರಡು ಸಾಲು. ನನಗೆ ಇದರಲ್ಲಿ ಮುಖ್ಯ ಅನ್ಸೋದು ಆ ಎರಡು ಸಾಲು. ಯಾರೋ ಒಬ್ಬರು ಹೆಸರು ಹಿಡಿದು ಇಂಥ ಕೆಲಸಕ್ಕೆ ಅಂತ ಹೇಳಿದ್ದು ಮನಸ್ಸಿಗೆ ತಾಕತ್ತೆ.

ಗುಂಪು ನಡೆಸೋರಲ್ಲೂ ಈ ಬಗ್ಗೆ ಯೋಚನೆ ಮಾಡಿದೋರು ಇದಾರೆ. ಹ್ಯಾಕರ್ ನ್ಯೂಸ್ ಅನ್ನೋ ಟೆಕ್ ಚರ್ಚಾ ತಾಣದಲ್ಲಿ 2011ರಿಂದ ಬೇರೆಯವರ ಕಮೆಂಟಿಗೆ ಎಷ್ಟು ಪಾಯಿಂಟ್ ಬಿದ್ದಿದೆ ಅಂತ ಕಾಣಲ್ಲ. ಇನ್‌ಸ್ಟಾಗ್ರಾಂ 2019ರಲ್ಲಿ ಕೆಲವು ದೇಶಗಳಲ್ಲಿ ಲೈಕ್ ಎಣಿಕೆ ಮುಚ್ಚಿ ನೋಡ್ತು, 2021ರಲ್ಲಿ ಬೇಕಾದೋರು ಮುಚ್ಚಿಕೊಳ್ಳಲಿ ಅಂತ ಬಿಡ್ತು. ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಡಿಸ್ಕೋರ್ಸ್ ಅನ್ನೋ, ಚರ್ಚಾ ಗುಂಪು ನಡೆಸೋಕೆ ಬಳಸೋ ಸಾಫ್ಟ್‌ವೇರ್‌ನಲ್ಲಿರೋ ವ್ಯವಸ್ಥೆ. ಅದರಲ್ಲಿ ಹೊಸ ಸದಸ್ಯರು ಮೊದಲ ಮೆಟ್ಟಿಲು ಹತ್ತೋಕೆ ಏನೂ ಬರೀಬೇಕಾಗಿಲ್ಲ, 5 ವಿಷಯ ತೆರೆದು, 30 ಪೋಸ್ಟ್ ಓದಿ, ಒಟ್ಟು 10 ನಿಮಿಷ ಓದೋದರಲ್ಲಿ ಕಳೆದಿದ್ರೆ ಆಯ್ತು. ಎರಡನೇ ಮೆಟ್ಟಿಲಿಗೆ ಲೈಕ್ ಪಡೆದಿರಬೇಕು, ಹಾಗೇ ಬೇರೆಯವರಿಗೆ ಲೈಕ್ ಕೊಟ್ಟೂ ಇರಬೇಕು. ಓದೋದನ್ನ, ಕೊಡೋದನ್ನ ಲೆಕ್ಕಕ್ಕೆ ತಗೊಂಡಿದ್ದು ನನಗೆ ತುಂಬಾ ಹಿಡಿಸ್ತು. ಅದೂ ನಂಬರೇ, ಅದಕ್ಕೂ ಮೋಸ ಮಾಡಬಹುದು, ಆದ್ರೂ ಓದುವವನೂ ಸದಸ್ಯ ಅಂತ ಅದು ಒಪ್ಪಿಕೊಳ್ಳತ್ತೆ. ಹೆಚ್ಚಿನ ಗುಂಪುಗಳಲ್ಲಿ ಬರೀದೇ ಓದೋರೇ ಬಹುಪಾಲು, ಅವರನ್ನ ಸುಮ್ಮನೆ ಇಣುಕೋರು ಅಂತ ಹೀಗಳೆಯೋದು ಕೇಳಿದಾಗ ನನಗೆ ಬೇಜಾರಾಗತ್ತೆ. ಅವರು ಓದಿ ಕಲಿತು ಪಕ್ಕದವರಿಗೆ ಹೇಳ್ಕೊಡ್ತಾರೆ, ಅದೇ ಪ್ರಶ್ನೆ ಹತ್ತನೇ ಸಲ ಕೇಳದೇ ಹಳೇ ಉತ್ತರ ಹುಡುಕಿಕೊಳ್ತಾರೆ, ತಪ್ಪು ಕಂಡಾಗ ರಿಪೋರ್ಟ್ ಮಾಡ್ತಾರೆ.

ಮಾಡರೇಟರ್‌ಗಳ ವಿಷಯ ಹೇಳದೇ ಹೋದ್ರೆ ತಪ್ಪಾಗತ್ತೆ. ಅವರು ಚೆನ್ನಾಗಿ ಕೆಲಸ ಮಾಡಿದ ದಿನ ಗುಂಪಲ್ಲಿ ಏನೂ ಆಗಿರಲ್ಲ. ಸ್ಪ್ಯಾಮ್ ಯಾರಿಗೂ ಕಂಡಿರಲ್ಲ, ಜಗಳ ಹತ್ತೋಕೆ ಮುಂಚೆನೇ ಇಬ್ಬರಿಗೂ ಇನ್‌ಬಾಕ್ಸ್‌ನಲ್ಲಿ ಮಾತಾಡಿ ಸಮಾಧಾನ ಮಾಡಿರ್ತಾರೆ, ಆ ಮೆಸೇಜ್ ಯಾವ ಪೋಸ್ಟ್ ಕೌಂಟ್‌ಗೂ ಸೇರಲ್ಲ. ಬೈಗುಳ ಮಾತ್ರ ಬಹಿರಂಗವಾಗಿ ಸಿಗತ್ತೆ, ನನ್ನ ಪೋಸ್ಟ್ ಯಾಕೆ ತೆಗೆದ್ರಿ ಅಂತ.

ಹಾಗಾದ್ರೆ ಒಬ್ಬರ ಬೆಲೆ ಗೊತ್ತಾಗೋದು ಹೇಗೆ? ನಾನು ನೋಡೋದು ಇಷ್ಟು. ಯಾರೂ ಉತ್ತರ ಕೊಡದೇ ಬಿಟ್ಟ ಪ್ರಶ್ನೆಗೆ ಇವರು ಹೋಗ್ತಾರಾ, ಇಲ್ಲ ಈಗಾಗಲೇ ಜನ ಸೇರಿರೋ ಕಡೆಗೆ ಮಾತ್ರ ಹೋಗ್ತಾರಾ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತಾರಾ. ಇವರ ಜೊತೆ ಮಾತಾಡಿದ ಹೊಸಬರು ಇನ್ನೊಂದು ಪ್ರಶ್ನೆ ಇಟ್ಕೊಂಡು ತಿರುಗಿ ಬರ್ತಾರಾ, ಇಲ್ಲ ಅಲ್ಲಿಗೇ ನಾಪತ್ತೆ ಆಗ್ತಾರಾ. ಈ ಮೂರನೇದು ನನಗೆ ಎಲ್ಲಕ್ಕಿಂತ ದೊಡ್ಡದು. ಉತ್ತರ ಸರಿಯಿದ್ದೂ ಹೇಳಿದ ರೀತಿಗೆ ಹೊಸಬರು ಮುದುಡಿ ಹೋಗಿದ್ದನ್ನ ನಾನು ಬಹಳ ಸಲ ನೋಡಿದೀನಿ, ಆ ಉತ್ತರಕ್ಕೆ ಭರ್ತಿ ಲೈಕ್ ಬಿದ್ದಿರತ್ತೆ, ಆ ಹೊಸಬರು ಗುಂಪು ಬಿಟ್ಟಿದ್ದನ್ನ ಯಾರೂ ಎಣಿಸಿರಲ್ಲ.

ಗುಂಪು ನಡೆಸೋರಿಗೆ ನನ್ನದೊಂದು ಕೋರಿಕೆ ಇದೆ. ತಿಂಗಳ ಕೊನೆಗೆ ಟಾಪ್ ಟೆನ್ ಸದಸ್ಯರ ಪಟ್ಟಿ ಹಾಕ್ತೀರಲ್ಲ, ಒಂದು ತಿಂಗಳು ಅದರ ಬದಲು ಇನ್ನೂ ಉತ್ತರ ಸಿಗದೇ ಉಳಿದಿರೋ ಪ್ರಶ್ನೆಗಳ ಪಟ್ಟಿ ಹಾಕಿ ನೋಡಿ, ಅದರ ಕೆಳಗೆ "ಈ ತಿಂಗಳು ನಿಮಗೆ ಯಾರ ಯಾವ ಮಾತು ಉಪಯೋಗಕ್ಕೆ ಬಂತು, ಹೆಸರು ಹೇಳಿ" ಅಂತ ಕೇಳಿ. ಮೊದಲನೇ ಸಲ ನಾಲ್ಕೇ ಜನ ಬರೆದ್ರೂ ಚಿಂತೆ ಇಲ್ಲ. ಆ ನಾಲ್ಕು ಹೆಸರಲ್ಲಿ ಎರಡಾದ್ರೂ ನಿಮ್ಮ ಟಾಪ್ ಟೆನ್‌ನಲ್ಲಿ ಇಲ್ಲದ ಹೆಸರು ಇರತ್ತೆ ಅಂತ ನನ್ನ ನಂಬಿಕೆ.